ಕೊಟ್ಟವ ಕೋಡಂಗಿ: ಅಬಿಡ್ಸ್ ಹೆಸರಿನ ಹಿಂದಿನ ಒಂದು ವ್ಯಾಪಾರ



ಭಾನುವಾರ ಬೆಳಿಗ್ಗೆ ಹಳೆಯ ಪುಸ್ತಕ ಹುಡುಕಲು ಅಬಿಡ್ಸ್‌ಗೆ ಹೋಗಿದ್ದೀರಾ? ಫುಟ್‌ಪಾತಿನ ಮೇಲೆ ಹರಡಿದ ಪುಸ್ತಕಗಳ ನಡುವೆ ಚೌಕಾಸಿ ಮಾಡುತ್ತ ನಿಂತಾಗ, ಈ ಜಾಗಕ್ಕೆ ಈ ಹೆಸರು ಎಲ್ಲಿಂದ ಬಂತೆಂದು ಯೋಚಿಸುವವರು ಕಡಿಮೆ. ಅದು ಒಬ್ಬ ಮನುಷ್ಯನ ಹೆಸರು. ಆಲ್ಬರ್ಟ್ ಅಬಿದ್ ಎಂಬ ಆರ್ಮೇನಿಯನ್, ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಖಾಸಾ ಸೇವಕನಾಗಿದ್ದ. ಇಲ್ಲೇ ಅವನ ಅಂಗಡಿಯೂ ಇತ್ತು. ಆ ಅಬಿದ್ ನಡುವೆ ನಿಂತು ಕುದುರಿಸಿದ ಒಂದು ವ್ಯಾಪಾರದ ಕಥೆಯನ್ನು ಇಂದು ನಿಮಗೆ ಹೇಳಬೇಕಾಗಿದೆ. ಅದಕ್ಕೆ ಕಾರಣವೂ ಉಂಟು.

ನಮ್ಮ ನಿಮ್ಮ ಮನೆಗಳಲ್ಲೇ ಎಷ್ಟೊಂದು ಕೈಗಳು ಕೆಲಸ ಮಾಡುತ್ತಿವೆ ನೋಡಿ. ಒಬ್ಬರು ಮೈಸೂರು ಶೈಲಿಯ ಚಿತ್ರ ಬರೆಯುತ್ತಾರೆ, ಇನ್ನೊಬ್ಬರು ಬೀದರಿನಿಂದ ಬಿದರಿ ತರಿಸಿ ಮಾರುತ್ತಾರೆ. ಮೊದಲು ಕೊಳ್ಳುವವರು ನೆರೆಹೊರೆಯವರು. ಈಗ ಮೊಬೈಲಿನಲ್ಲಿ ಫೋಟೋ ಹಾಕಿದರೆ ಸಾಕು, ಹೆಸರು ಕೇಳದ ಊರಿನಿಂದ ಬೇಡಿಕೆ ಬರುತ್ತದೆ. ಆಗ ಏಳುವ ಪ್ರಶ್ನೆ ಒಂದೇ: ಹಣ ಮೊದಲೋ, ಮಾಲು ಮೊದಲೋ? ಎದುರುಬದುರು ನಿಂತಾಗ ಈ ಪ್ರಶ್ನೆ ಇರುವುದಿಲ್ಲ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ತೆಗೆದುಕೊಳ್ಳುತ್ತೇವೆ. ನಡುವೆ ದೂರ ಬಂದಾಗಲೇ ತೊಂದರೆ. ಈ ಪ್ರಶ್ನೆಗೆ ನಮ್ಮ ಹೈದರಾಬಾದು ಬಹಳ ಹಿಂದೆಯೇ ದುಬಾರಿ ಪಾಠ ಕಲಿತಿದೆ.

ಮೊದಲು ಸುಲಭದ ಉದಾಹರಣೆ. ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಮುಸುಕು ಹೊದ್ದ ರೆಬೆಕ್ಕಾಳ ಅಮೃತಶಿಲೆಯ ಮೂರ್ತಿಯನ್ನು ನೀವು ನೋಡಿಯೇ ಇರುತ್ತೀರಿ. ಕಲ್ಲೋ, ತೆಳು ಬಟ್ಟೆಯೋ ಎಂದು ಬೆರಗಾಗಿಸುವ ಆ ಮೂರ್ತಿ ಇಟಲಿಯ ಶಿಲ್ಪಿ ಜಿಯೋವಾನಿ ಮಾರಿಯಾ ಬೆನ್ಜೋನಿಯ ಕೆಲಸ. ಬೆನ್ಜೋನಿ 1873ರಲ್ಲಿ ತೀರಿಕೊಂಡ. 1876ರಲ್ಲಿ ಯುರೋಪಿಗೆ ಹೋಗಿದ್ದ ದಿವಾನ ಒಂದನೆಯ ಸಾಲಾರ್ ಜಂಗರು ರೋಮಿನಲ್ಲಿ ಅದನ್ನು ಕೊಂಡರು. ಕೊಳ್ಳುವವರೇ ಮಾಲು ಇದ್ದ ಊರಿಗೆ ಹೋಗಿದ್ದರು. ಕಣ್ಣಾರೆ ನೋಡಿ ಕೊಂಡದ್ದರಿಂದ ತಕರಾರಿಗೆ ಎಡೆಯಿರಲಿಲ್ಲ.

ಹದಿನೈದು ವರ್ಷಗಳ ನಂತರ, 1891ರಲ್ಲಿ, ನಡೆದದ್ದು ಇದಕ್ಕೆ ತದ್ವಿರುದ್ಧ. ಸಿಮ್ಲಾದಲ್ಲಿ ಅಲೆಕ್ಸಾಂಡರ್ ಮಾಲ್ಕಮ್ ಜಾಕೋಬ್ ಎಂಬ ವ್ಯಾಪಾರಿಯಿದ್ದ. ರತ್ನಗಳು, ಹಳೆಯ ಕಲಾವಸ್ತುಗಳು, ಅಪರೂಪದ ಸಾಮಾನುಗಳು ಅವನ ಸರಕು. ರಾಜಮಹಾರಾಜರು, ವೈಸರಾಯರು ಅವನ ಗಿರಾಕಿಗಳು. ಕಿಪ್ಲಿಂಗನ 'ಕಿಮ್' ಕಾದಂಬರಿಯ ಲರ್ಗನ್ ಸಾಹೇಬ ಎಂಬ ಪಾತ್ರಕ್ಕೆ ಇವನೇ ಮಾದರಿ ಎನ್ನುತ್ತಾರೆ. ದಕ್ಷಿಣ ಆಫ್ರಿಕದಲ್ಲಿ ಸಿಕ್ಕು, ಯುರೋಪಿನಲ್ಲಿ ಸಾಣೆ ಹಿಡಿದ ಸುಮಾರು 185 ಕ್ಯಾರೆಟ್ಟಿನ ವಜ್ರವೊಂದು ಆಗ ಇಂಗ್ಲೆಂಡಿನಲ್ಲಿ ಕೊಳ್ಳುವವರಿಗಾಗಿ ಕಾದಿತ್ತು. ಅಷ್ಟು ದೊಡ್ಡ ಕಲ್ಲನ್ನು ಕೊಳ್ಳಬಲ್ಲವರು ಜಗತ್ತಿನಲ್ಲಿ ಎಷ್ಟು ಜನ? ಜಾಕೋಬ್ ನಿಜಾಮರ ಕಡೆ ತಿರುಗಿದ. ಅರಮನೆಯೊಳಗೆ ದಾರಿ ಮಾಡಿಕೊಟ್ಟವನು ನಮ್ಮ ಅಬಿದ್.

ಇಲ್ಲಿ ಗಮನಿಸಿ. ವಜ್ರ ಜಾಕೋಬನದಲ್ಲ. ನಿಜಾಮರಿಗೆ ಮೊದಲು ತೋರಿಸಿದ್ದು ವಜ್ರವನ್ನೂ ಅಲ್ಲ, ಅದರ ಗಾಜಿನ ಪ್ರತಿರೂಪವನ್ನು! ಕಥೆ ಹೇಳುವವರು ಸಾಮಾನ್ಯವಾಗಿ ಕೊಡುವ ಲೆಕ್ಕದಂತೆ ಬೆಲೆ 46 ಲಕ್ಷ ರೂಪಾಯಿ, ಅದರಲ್ಲಿ ಅರ್ಧ, ಅಂದರೆ 23 ಲಕ್ಷ ಮುಂಗಡ. ಕಲ್ಲು ಬಂದ ಮೇಲೆ ನೋಡಿ ಒಪ್ಪಿದರೆ ಉಳಿದ ಹಣ. ಮುಂಗಡ ಬಂದದ್ದೇ ತಡ, ಜಾಕೋಬ್ ವಜ್ರ ತರಿಸಲು ಆ ಹಣವನ್ನು ಲಂಡನ್ನಿಗೆ ಕಳಿಸಿದ.

ಅಷ್ಟರಲ್ಲಿ ಸುದ್ದಿ ಬ್ರಿಟಿಷ್ ರೆಸಿಡೆಂಟರ ಕಿವಿಗೆ ಬಿತ್ತು. ಸಂಸ್ಥಾನದ ಖಜಾನೆ ಬಡವಾಗಿರುವಾಗ ಇಂಥ ಖರೀದಿ ಬೇಡವೆಂದು ಅವರು ಅಡ್ಡ ಬಂದರು. ವಜ್ರ ಹೈದರಾಬಾದಿಗೆ ಬಂತು, ನಿಜಾಮರ ಕೈಯಲ್ಲಿ ಕೂತಿತು. ಅವರು ನೋಡಿದರು, ಬೇಡವೆಂದರು. ಮುಂಗಡ ವಾಪಸು ಕೊಡು ಎಂದರು. ಎಲ್ಲಿಂದ ಕೊಡುವುದು? ಹಣ ಸಮುದ್ರ ದಾಟಿ ಹೋಗಿತ್ತು.

ವ್ಯಾಜ್ಯ ಕಲ್ಕತ್ತೆಯ ಹೈಕೋರ್ಟಿಗೆ ಹೋಯಿತು, ಅದೂ ನಂಬಿಕೆದ್ರೋಹದ ಕ್ರಿಮಿನಲ್ ಮೊಕದ್ದಮೆಯಾಗಿ. ಇಡೀ ಕೇಸು ನಿಂತದ್ದು ಒಂದೇ ಮಾತಿನ ಮೇಲೆ: ಆ 23 ಲಕ್ಷ ಏನು? ಮಾಲು ಒಪ್ಪುವ ತನಕ ಮುಟ್ಟದೆ ಇಡಬೇಕಾದ ಠೇವಣಿಯೋ, ಅಥವಾ ಬೆಲೆಯ ಮೊದಲ ಕಂತೋ? ಜೂರಿ ಜಾಕೋಬನನ್ನು ಖುಲಾಸೆ ಮಾಡಿತು. ಕೊನೆಗೆ ರಾಜಿಯಾಗಿ, ಕೊಟ್ಟ ಮುಂಗಡಕ್ಕೇ ವಜ್ರ ನಿಜಾಮರಲ್ಲಿ ಉಳಿಯಿತು.

ಕೇಸು ಗೆದ್ದ ಜಾಕೋಬ್ ಬದುಕಿನಲ್ಲಿ ಸೋತ. ವಕೀಲರ ಖರ್ಚು ಒಂದು ಕಡೆ, ಹೋದ ಹೆಸರು ಇನ್ನೊಂದು ಕಡೆ. ಬೇರೆ ಸಂಸ್ಥಾನಿಕರಿಂದ ಬರಬೇಕಾದ ಬಾಕಿಯೂ ಬರಲಿಲ್ಲ. ದೇಶೀಯ ಅರಸರ ಮೇಲೆ ಬ್ರಿಟಿಷ್ ಇಂಡಿಯಾದ ಕೋರ್ಟಿನಲ್ಲಿ ದಾವೆ ಹೂಡಲು ಸರ್ಕಾರದ ಅಪ್ಪಣೆ ಬೇಕಿತ್ತು. ಅಪ್ಪಣೆಯಿಲ್ಲದೆ ಸಾಲಗಾರನ ಬಾಗಿಲು ತಟ್ಟುವಂತೆಯೇ ಇಲ್ಲ! ನಮ್ಮ ಹಳ್ಳಿಯವರು ಹೇಳುವ ಹಾಗೆ, ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ. ವೈಸರಾಯರೊಂದಿಗೆ ವ್ಯವಹರಿಸಿದ್ದ ಆ ಮನುಷ್ಯ 1921ರಲ್ಲಿ ಮುಂಬಯಿಯಲ್ಲಿ ಬಡತನದಲ್ಲಿ ಸತ್ತ. ವಜ್ರಕ್ಕೆ ಮಾತ್ರ ಅವನ ಹೆಸರು ಉಳಿಯಿತು. ಏಳನೆಯ ನಿಜಾಮರಿಗೆ ಅದು ತಂದೆಯ ಚಪ್ಪಲಿಯ ತುದಿಯಲ್ಲಿ ಸಿಕ್ಕಿತೆಂದೂ, ಅವರು ಅದನ್ನು ಕಾಗದ ಹಾರದಂತೆ ಮೇಜಿನ ಮೇಲೆ ಇಡುತ್ತಿದ್ದರೆಂದೂ ಹೇಳುತ್ತಾರೆ.

ಇದು ರಾಜರತ್ನದ ಮಾತಾಯಿತು, ನಮಗೇನು ಎನ್ನಬೇಡಿ. ನಮ್ಮವರೇ ಆದ ಚಿತ್ರಕಾರ ಕೆ. ವೆಂಕಟಪ್ಪನವರನ್ನು ನೆನೆಯಿರಿ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು ಬಂದ ಅವರು ಮೈಸೂರು ಅರಮನೆಗಾಗಿ ಉಬ್ಬುಶಿಲ್ಪಗಳನ್ನು ಮಾಡುತ್ತಿದ್ದರು. 1940ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡರು, ಕೆಲಸ ನಿಂತಿತು. ನ್ಯಾಯ ಕೇಳಿ ಕೋರ್ಟಿಗೆ ಹೋದ ಕಲಾವಿದರಿಗೆ ಜಯ ಸಿಗಲಿಲ್ಲ. ಗುಣಗ್ರಾಹಿಯಾದ ದೊರೆ ಇದ್ದಷ್ಟು ದಿನ ಮಾತೇ ಕರಾರು. ದೊರೆ ಹೋದ ಮೇಲೆ ಆ ಮಾತಿಗೆ ಸಾಕ್ಷಿ ಹೇಳುವವರು ಯಾರು?

ಇನ್ನು ಬಿದರಿ. 1956ರ ನವೆಂಬರ್ 1ರವರೆಗೆ ಬೀದರ್ ಹೈದರಾಬಾದ್ ಸಂಸ್ಥಾನದ, ನಂತರ ರಾಜ್ಯದ ಭಾಗವೇ ಆಗಿತ್ತು. ಸತು ಹೆಚ್ಚು, ತಾಮ್ರ ಕಡಿಮೆ ಇರುವ ಎರಕದಲ್ಲಿ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರದಿಂದ ಕಪ್ಪು ಮಾಡುವ ಈ ಕೆಲಸ 1851ರಲ್ಲೇ ಲಂಡನ್ನಿನ ಮಹಾಪ್ರದರ್ಶನದಲ್ಲಿತ್ತು. ಹುಕ್ಕಾದ ಬುರುಡೆ ಲಂಡನ್ನಿನ ವಸ್ತುಸಂಗ್ರಹಾಲಯ ಸೇರಿತು, ಮಾಡಿದವನ ಹೆಸರು ಬೀದರಿನ ಓಣಿಯಲ್ಲೇ ಉಳಿಯಿತು. ಹೆಸರಿಲ್ಲದ ಮಾಲಿಗೆ ನಕಲಿ ಹುಟ್ಟುವುದು ಸುಲಭ. 2006ರಲ್ಲಿ ಬಿದರಿಗೆ ಭೌಗೋಳಿಕ ಗುರುತು ಸಿಕ್ಕಿದ್ದು ಆ ದೃಷ್ಟಿಯಿಂದ ದೊಡ್ಡ ಮಾತು. 2023ರಲ್ಲಿ ಬೀದರಿನ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ಕೈಗೂ ಹೆಸರು ಬಂತು.

ಈಗ ನಿಮ್ಮ ವಿಷಯ. ಜಾಕೋಬನ ತಪ್ಪು ಮುಂಗಡ ತೆಗೆದುಕೊಂಡದ್ದಲ್ಲ, ಅದು ಯಾವ ಹಣವೆಂದು ಸ್ಪಷ್ಟ ಮಾಡಿಕೊಳ್ಳದೆ ಖರ್ಚು ಮಾಡಿದ್ದು. ಆದ್ದರಿಂದ ನಾಲ್ಕೇ ಸಾಲಾದರೂ ಸರಿ, ಬರೆದುಕೊಳ್ಳಿ. ಮುಂಗಡ ಎಷ್ಟು, ಮೆಚ್ಚದಿದ್ದರೆ ಅದು ವಾಪಸೋ ಅಲ್ಲವೋ, ಎಷ್ಟು ದಿನದೊಳಗೆ ಹೇಳಬೇಕು, ಹಿಂದಕ್ಕೆ ಕಳಿಸುವ ಖರ್ಚು ಯಾರದು, ದಾರಿಯಲ್ಲಿ ಒಡೆದರೆ ನಷ್ಟ ಯಾರದು. ಗ್ಯಾಲರಿಗೆ ಕೊಡುವಾಗ ಅವರ ಕಮಿಷನ್, ಮಾರಿದ ಎಷ್ಟು ದಿನಕ್ಕೆ ಹಣ, ಮಾರದಿದ್ದರೆ ಯಾವಾಗ ವಾಪಸು, ಇವನ್ನು ಬರೆಸಿ, ರಸೀದಿ ಪಡೆಯಿರಿ. ಕಟ್ಟುವ ಮುಂಚೆ ಚಿತ್ರದ ಹಿಂದು ಮುಂದಿನ ಫೋಟೋ ತೆಗೆದಿಡಿ. ವಿಮೆಯಿಲ್ಲದೆ ಕಳಿಸಬೇಡಿ.

ಇನ್ನೊಂದು ಎಚ್ಚರ. ನೋಡದ ಗಿರಾಕಿ ಬೆಲೆಗಿಂತ ಹೆಚ್ಚಿನ ಚೆಕ್ ಕಳಿಸಿ, ಉಳಿದದ್ದನ್ನು ಸಾಗಣೆಯವನಿಗೆ ಕೊಟ್ಟುಬಿಡಿ ಎಂದರೆ ಅಲ್ಲೇ ನಿಲ್ಲಿ. ಖಾತೆಯಲ್ಲಿ ಹಣ ಕಂಡರೂ ಆ ಚೆಕ್ ಆಮೇಲೆ ವಾಪಸಾಗಬಹುದು. ನೀವು ಕೊಟ್ಟ ಹಣ ಮಾತ್ರ ವಾಪಸು ಬರುವುದಿಲ್ಲ. ಹಾಗೆಯೇ, ಯುಪಿಐಯಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಿಲ್ಲ. ಒತ್ತಿ ಎನ್ನುವವರು ಕೊಡುವವರಲ್ಲ, ಕಸಿಯುವವರು. ಅಜ್ಜನ ಕಾಲದ ವಿಗ್ರಹವನ್ನು ವಿದೇಶಕ್ಕೆ ಮಾರುವ ಆಸೆಯೂ ಬೇಡ. 1972ರ ಕಾಯಿದೆಯಂತೆ ನೂರು ವರ್ಷ ದಾಟಿದ ಕಲಾವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ.

ಆ ಜಾಕೋಬ್ ವಜ್ರ ಕೊನೆಗೆ ಎಲ್ಲಿ ಹೋಯಿತು? 1995ರಲ್ಲಿ ಭಾರತ ಸರ್ಕಾರ ನಿಜಾಮರ ಟ್ರಸ್ಟುಗಳಿಂದ 173 ಆಭರಣಗಳನ್ನು ಸುಮಾರು 218 ಕೋಟಿ ರೂಪಾಯಿಗೆ ಕೊಂಡಿತು. ಅದರಲ್ಲಿ ಈ ವಜ್ರವೂ ಇತ್ತು. ವರ್ಷಗಟ್ಟಲೆ ಎಳೆದಾಡಿದ ಆ ಮಾರಾಟದಲ್ಲಿ ಪ್ರತಿಯೊಂದು ವಸ್ತುವಿಗೂ ಪಟ್ಟಿಯಿತ್ತು, ಪ್ರತಿ ಹೆಜ್ಜೆಗೂ ಕಾಗದವಿತ್ತು. 2001ರಲ್ಲಿ ಸಾಲಾರ್ ಜಂಗ್‌ನಲ್ಲಿ ಅದನ್ನು ಪ್ರದರ್ಶನಕ್ಕಿಟ್ಟಾಗ ಹೈದರಾಬಾದಿನ ಸಾಮಾನ್ಯ ಜನರೂ ಟಿಕೆಟ್ ಕೊಂಡು ನೋಡಿದರು.

ಮುಂದಿನ ಭಾನುವಾರ ಅಬಿಡ್ಸ್‌ನಲ್ಲಿ ಪುಸ್ತಕಕ್ಕೆ ಹತ್ತು ರೂಪಾಯಿ ಇಳಿಸಲು ವಾದಿಸುವಾಗ ಜಾಕೋಬನನ್ನು ಒಮ್ಮೆ ನೆನೆಯಿರಿ. ಅವನ ವ್ಯಾಪಾರ ಕೆಟ್ಟದ್ದು ಬೆಲೆಯ ಮಾತಿನಲ್ಲಲ್ಲ, ಬರೆಯದೆ ಬಿಟ್ಟ ಮಾತಿನಲ್ಲಿ.