ಉರ್ದು ಮಾಧ್ಯಮ ಶಾಲೆಗಳಲ್ಲಿ ಕಲಿಕೆ ಮತ್ತು ಮಾಧ್ಯಮ ಬದಲಾವಣೆ: ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಪೋಷಕರಿಗೆ ಮಾಹಿತಿ

ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳಲ್ಲಿ ಮುಸ್ಲಿಂ ವಿದ್ಯಾರ್ಥಿಗಳು ಕನ್ನಡ, ಉರ್ದು ಹಾಗೂ ಆಂಗ್ಲ ಮಾಧ್ಯಮದ ಶಾಲೆಗಳಲ್ಲಿ ವ್ಯಾಸಂಗ ಮಾಡುತ್ತಿದ್ದಾರೆ. ಸಂವಿಧಾನದ 350ಎ ಅನುಚ್ಛೇದವು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯ ಕಲ್ಪಿಸಬೇಕೆಂದು ತಿಳಿಸುತ್ತದೆ.

1. ಪಠ್ಯಕ್ರಮ
ಸರ್ಕಾರಿ ಉರ್ದು ಶಾಲೆಗಳಲ್ಲಿ ಬೋಧಿಸಲಾಗುವ ಗಣಿತ, ವಿಜ್ಞಾನ ಮತ್ತು ಸಮಾಜ ವಿಜ್ಞಾನಗಳು ರಾಜ್ಯ ಪಠ್ಯಕ್ರಮದವೇ ಆಗಿದ್ದು, ಮಾಧ್ಯಮ ಮಾತ್ರ ಬೇರೆಯಾಗಿರುತ್ತದೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಉರ್ದು ಮಾಧ್ಯಮದಲ್ಲಿಯೂ ಬರೆಯಬಹುದು. 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮದ ಮೇರೆಗೆ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸುವುದು ಕಡ್ಡಾಯವಾಗಿರುತ್ತದೆ.

2. ಮಾಧ್ಯಮ ಬದಲಾವಣೆ
ಉರ್ದು ಪ್ರಾಥಮಿಕ ಶಾಲೆ ಇರುವ ಪ್ರತಿಯೊಂದು ಊರಿನಲ್ಲಿಯೂ ಉರ್ದು ಪ್ರೌಢಶಾಲೆ ಇರುವುದಿಲ್ಲ. ಆದ್ದರಿಂದ ಅನೇಕ ಮಕ್ಕಳು 8ನೇ ತರಗತಿಗೆ ಕನ್ನಡ ಅಥವಾ ಆಂಗ್ಲ ಮಾಧ್ಯಮಕ್ಕೆ ಬದಲಾಗಬೇಕಾಗುತ್ತದೆ. ಬಲದಿಂದ ಎಡಕ್ಕೆ ಬರೆದು ರೂಢಿಯಾದ ಮಗು ಎಲ್ಲ ವಿಷಯಗಳನ್ನೂ ಎಡದಿಂದ ಬಲಕ್ಕೆ ಬರೆಯಬೇಕಾಗುತ್ತದೆ. "ಮುಸಲ್ಲಸ್" ಎಂದು ಕಲಿತ ಆಕೃತಿಯನ್ನು "ತ್ರಿಭುಜ" ಎಂದು ಗುರುತಿಸಬೇಕಾಗುತ್ತದೆ. ವಿಷಯ ತಿಳಿದಿದ್ದರೂ ಪದ ತಿಳಿಯದೆ ಹಿಂದುಳಿದ ಮಗುವನ್ನು ದಡ್ಡನೆಂದು ಭಾವಿಸಿ ಶಾಲೆ ಬಿಡಿಸುವುದು ಸರಿಯಲ್ಲ. ಪೋಷಕರು 5ನೇ ತರಗತಿಯಿಂದಲೇ ಕನ್ನಡ ಓದು, ಬರಹಕ್ಕೆ ಗಮನ ನೀಡುವುದು ಹಾಗೂ ಪ್ರೌಢಶಾಲೆಯ ಮಾಧ್ಯಮವನ್ನು ಮುಂಚಿತವಾಗಿ ನಿರ್ಧರಿಸುವುದು ಸೂಕ್ತ.

3. ಪ್ರವೇಶದ ಹಕ್ಕು
2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಅಧಿನಿಯಮ, 2009ರ ಪ್ರಕಾರ 6ರಿಂದ 14 ವರ್ಷದ ಮಕ್ಕಳಿಗೆ:
ಅ) ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ.
ಆ) ಮುಖ್ಯೋಪಾಧ್ಯಾಯರು ವರ್ಗಾವಣೆ ಪತ್ರವನ್ನು ಕೂಡಲೇ ನೀಡತಕ್ಕದ್ದು. ಪತ್ರ ತಡವಾದರೂ ಹೊಸ ಶಾಲೆಯು ಪ್ರವೇಶವನ್ನು ತಡೆಹಿಡಿಯುವಂತಿಲ್ಲ.
ಇ) ದೈಹಿಕ ಶಿಕ್ಷೆ ಹಾಗೂ ಮಾನಸಿಕ ಕಿರುಕುಳವನ್ನು ನಿಷೇಧಿಸಲಾಗಿದೆ.

4. ಮದರಸಾದಲ್ಲಿ ಮಾತ್ರ ಕಲಿತ ಮಕ್ಕಳು
2012ರ ತಿದ್ದುಪಡಿಯಂತೆ ಸದರಿ ಅಧಿನಿಯಮವು ಮದರಸಾಗಳಿಗೆ ಅನ್ವಯಿಸುವುದಿಲ್ಲ. ಆದರೆ ಅಲ್ಲಿ ಕಲಿತ ಮಗು ಶಾಲೆಗೆ ಸೇರುವ ಹಕ್ಕನ್ನು ಕಳೆದುಕೊಳ್ಳುವುದಿಲ್ಲ. ಅಂತಹ ಮಗುವನ್ನು 1ನೇ ತರಗತಿಗೆ ಬದಲಾಗಿ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ನೀಡತಕ್ಕದ್ದು. 14 ವರ್ಷ ತುಂಬಿದ ನಂತರವೂ ಪ್ರಾಥಮಿಕ ಶಿಕ್ಷಣ ಪೂರ್ಣಗೊಳ್ಳುವವರೆಗೆ ಅದು ಉಚಿತವಾಗಿರುತ್ತದೆ. ಬೆಳಿಗ್ಗೆ ಅಥವಾ ಸಂಜೆ ಅರಬ್ಬಿ ಪಾಠಕ್ಕೆ ಹೋಗುವ ಮಕ್ಕಳು ಶಾಲೆಯಲ್ಲಿಯೂ ವ್ಯಾಸಂಗ ಮುಂದುವರಿಸಬಹುದು.

5. ಪ್ರಮಾಣಪತ್ರಗಳು
ಮುಸ್ಲಿಂ ವಿದ್ಯಾರ್ಥಿಗಳು ಸಾಮಾನ್ಯವಾಗಿ ಪ್ರವರ್ಗ 2ಬಿಗೆ ಸೇರುತ್ತಾರೆ. ಪಿಂಜಾರ, ನದಾಫ್ ಸಮುದಾಯದವರು ಪ್ರವರ್ಗ 1ಕ್ಕೆ ಸೇರುತ್ತಾರೆ. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬೇಕು. ಶಾಲಾ ದಾಖಲೆ, ಆಧಾರ್ ಮತ್ತು ಪ್ರಮಾಣಪತ್ರಗಳಲ್ಲಿ ಹೆಸರಿನ ಕಾಗುಣಿತ ಒಂದೇ ಆಗಿರುವಂತೆ ನೋಡಿಕೊಳ್ಳಬೇಕು. ಅಜ್ಜಂಪುರವು ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದುದರಿಂದ, ಹಳೆಯ ದಾಖಲೆಗಳಲ್ಲಿ ತಾಲ್ಲೂಕಿನ ಹೆಸರು ಬೇರೆಯಾಗಿರಬಹುದು; ಅರ್ಜಿಯಲ್ಲಿ ಈಗಿನ ತಾಲ್ಲೂಕನ್ನು ನಮೂದಿಸಬೇಕು.

6. ದೂರು ಮತ್ತು ಮನವಿ
ಪ್ರವೇಶ ಅಥವಾ ವರ್ಗಾವಣೆ ಪತ್ರ ನಿರಾಕರಿಸಿದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಕಡೂರು ತಾಲ್ಲೂಕಿನಲ್ಲಿ ಕಡೂರು ಮತ್ತು ಬೀರೂರು ಎಂಬ ಎರಡು ಶೈಕ್ಷಣಿಕ ವಲಯಗಳಿರುವುದರಿಂದ, ಶಾಲೆಯು ಯಾವ ವಲಯಕ್ಕೆ ಸೇರಿದೆ ಎಂಬುದನ್ನು ಮೊದಲು ತಿಳಿದುಕೊಳ್ಳುವುದು.