ಸಾಫಾ ಸುತ್ತಿಕೊಂಡು ಬಂದವಳು

ಕಚೇರಿಯಲ್ಲಿ ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿಗೆ ನನ್ನನ್ನು ಹಾಕಿದಾಗ, ಇಂಥ ಸಮಿತಿಗಳಿಗೆ ಮೂಲವಾದ ವಿಶಾಖಾ ತೀರ್ಪಿನ ಮಾತು ಬಂದು ಹೆಡ್ ಕ್ಲರ್ಕ್ ಕೇಳಿದ್ದರು: 'ವಿಶಾಖಾ ಅಂದ್ರೆ ಆ ಹೆಣ್ಮಗಳ ಹೆಸರಲ್ವೇನಮ್ಮಾ?' ನಾನೂ ಹಾಗೇ ಅಂದುಕೊಂಡಿದ್ದೆ. ವಿಶಾಖಾ ರಾಜಸ್ಥಾನದ ಒಂದು ಮಹಿಳಾ ಸಂಘಟನೆ. ನೊಂದವಳು ಭಂವರಿ ದೇವಿ.

ಭಟೇರಿ ಹಳ್ಳಿಯ ಕುಂಬಾರರ ಹೆಂಗಸು. ಸರ್ಕಾರದ ಮಹಿಳಾ ಅಭಿವೃದ್ಧಿ ಯೋಜನೆಯಲ್ಲಿ 'ಸಾಥಿನ್', ಅಂದರೆ ಹಳ್ಳಿಯ ಕಾರ್ಯಕರ್ತೆ. 1992ರಲ್ಲಿ ವರ್ಷ ತುಂಬದ ಹಸುಗೂಸಿನ ಮದುವೆ ತಡೆಯಲು ಹೋದಳು. ಅದರ ಸೇಡಿಗೆ ಸೆಪ್ಟೆಂಬರಿನಲ್ಲಿ ತನ್ನ ಮೇಲೆ ಸಾಮೂಹಿಕ ಅತ್ಯಾಚಾರವಾಯಿತೆಂದು ದೂರು ಕೊಟ್ಟಳು. ಠಾಣೆಯಲ್ಲಿ ಸಾಕ್ಷ್ಯಕ್ಕೆಂದು ಉಟ್ಟ ಲಂಗವನ್ನೇ ಬಿಚ್ಚಿಸಿಕೊಂಡರು. ಗಂಡನ ತಲೆಯ ಸಾಫಾವನ್ನು, ಅಂದರೆ ರುಮಾಲನ್ನು, ಸೊಂಟಕ್ಕೆ ಸುತ್ತಿಕೊಂಡು ಹೊರಟಳು. ಈ ಪ್ರಕರಣದ ಬಗ್ಗೆ ಓದುವಾಗ ನಾನು ನಿಂತುಬಿಟ್ಟದ್ದು ಈ ಸಾಲಿನ ಹತ್ತಿರ. 1995ರಲ್ಲಿ ಕೆಳ ನ್ಯಾಯಾಲಯ ಅತ್ಯಾಚಾರದ ಆರೋಪದಿಂದ ಆರೋಪಿಗಳೆಲ್ಲರನ್ನೂ ಬಿಟ್ಟಿತು.

ಮಹಿಳಾ ಸಂಘಟನೆಗಳ ಜಾಣತನ ಇರುವುದು ಅವರು ಎತ್ತಿದ ಪ್ರಶ್ನೆಯಲ್ಲಿ. ಸಾಥಿನ್‌ಗೆ ಇಡೀ ಹಳ್ಳಿಯೇ ಕೆಲಸದ ಜಾಗ. ಅಲ್ಲಿ ಅವಳ ಮಾನಪ್ರಾಣಕ್ಕೆ ಯಾರು ಹೊಣೆ? ವಿಶಾಖಾ ಮತ್ತಿತರರು ಇದನ್ನೇ ಹಿಡಿದು ನೇರ ಸುಪ್ರೀಂ ಕೋರ್ಟಿಗೆ ರಿಟ್ ಹಾಕಿದರು. ಕೆಲಸದ ಜಾಗದ ಲೈಂಗಿಕ ಕಿರುಕುಳಕ್ಕೆಂದೇ ದೇಶದಲ್ಲಿ ಆಗ ಕಾನೂನಿರಲಿಲ್ಲ. 1997ರ ಆಗಸ್ಟ್ 13ರಂದು ವರ್ಮಾ, ಸುಜಾತಾ ಮನೋಹರ್, ಕಿರ್ಪಾಲ್ ಅವರ ಪೀಠ, ಭಾರತ 1993ರಲ್ಲಿ ಒಪ್ಪಿದ್ದ, ಮಹಿಳೆಯರ ಹಕ್ಕಿನ ಅಂತರರಾಷ್ಟ್ರೀಯ ಒಪ್ಪಂದದ ಆಧಾರದ ಮೇಲೆ ಮಾರ್ಗಸೂಚಿ ಕೊಟ್ಟಿತು: ಸಮಿತಿಗೆ ಮಹಿಳೆಯೇ ಮುಖ್ಯಸ್ಥೆ, ಕನಿಷ್ಠ ಅರ್ಧದಷ್ಟು ಮಹಿಳೆಯರು, ಹೊರಗಿನವರೊಬ್ಬರು.

ಕಾಯ್ದೆ ಬರಲು 2013 ಆಯಿತು. ನಮ್ಮ ಮೊದಲ ಸಭೆಗೆ ಸ್ಟೋರ್ ರೂಮು ಕೊಟ್ಟರು. ಹೊರಗಿನ ಸದಸ್ಯೆಗೆ ಕುರ್ಚಿ ಸಾಲದೆ, ಹೆಡ್ ಕ್ಲರ್ಕೇ ತಮ್ಮದನ್ನು ಹೊತ್ತು ತಂದರು.