ಡಿಫ್ ಬರೆಯುವುದು ಯಾರು ಓದಲೆಂದು?

ಎರಡು ಫೈಲುಗಳನ್ನು ಹೋಲಿಸಿ ವ್ಯತ್ಯಾಸ ತೋರಿಸುವ ಡಿಫ್‌ಗೆ ಐವತ್ತು ವರ್ಷ ದಾಟಿದೆ. ಅದು ಕಕ್ಕುವ ಸಾಲುಗಳನ್ನು ಇವತ್ತು ಹೆಚ್ಚಿನವರು ಬಣ್ಣ ನೋಡಿ ಓದುತ್ತಾರೆ: ಕೆಂಪಾದರೆ ಹೋಯಿತು, ಹಸಿರಾದರೆ ಬಂತು. ಉಳಿದ ಅಂಕಿ, ಚಿಹ್ನೆಗಳು ಹಾಗೇಕಿವೆ ಎಂದು ತಿಳಿಯಬೇಕಿದ್ದರೆ, ಆಯಾ ಕಾಲದಲ್ಲಿ ಅವನ್ನು ಓದುತ್ತಿದ್ದವರು ಯಾರೆಂದು ಕೇಳಬೇಕು. ಮೊದಲ ಓದುಗ ಬಹುಮಟ್ಟಿಗೆ ಇನ್ನೊಂದು ಪ್ರೋಗ್ರಾಂ.

ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡಗ್ಲಸ್ ಮೆಕಿಲ್‌ರಾಯ್ ರೂಪಿಸಿದ ಡಿಫ್, 1974ರಲ್ಲಿ ಯುನಿಕ್ಸ್‌ನ ಐದನೇ ಆವೃತ್ತಿಯ ಜೊತೆ ಹೊರಬಂತು. ಜೇಮ್ಸ್ ಹಂಟ್ ಮತ್ತು ಮೆಕಿಲ್‌ರಾಯ್ ಸೇರಿ ಬರೆದ 1976ರ ವರದಿಯಲ್ಲಿ ಅದರ ಒಳಗುಟ್ಟಿದೆ. ಎರಡೂ ಫೈಲುಗಳಲ್ಲಿ ಅದೇ ಕ್ರಮದಲ್ಲಿ ಸಿಗುವ ಸಾಲುಗಳ ಅತಿ ಉದ್ದದ ಸರಣಿಯನ್ನು ಹುಡುಕುವುದು. ಅದಕ್ಕೆ ಸೇರದೆ ಉಳಿದ ಸಾಲುಗಳೇ ವ್ಯತ್ಯಾಸ.

ಆಗಿನ ಡಿಫ್ '12ಎ13' ಎಂಬಂಥ ಒಂದು ಸಾಲನ್ನು ಕೊಡುತ್ತಿತ್ತು (ಮೂಲದಲ್ಲಿ ಅಕ್ಷರ ಇಂಗ್ಲಿಷಿನದು). ಮೊದಲ ಫೈಲಿನ 12ನೇ ಸಾಲಾದ ಮೇಲೆ, ಎರಡನೆಯದರ 13ನೇ ಸಾಲನ್ನು ಸೇರಿಸು ಎಂದು ಅರ್ಥ. ಎ ಎಂದರೆ ಸೇರಿಸು, ಡಿ ಎಂದರೆ ಅಳಿಸು, ಸಿ ಎಂದರೆ ಬದಲಿಸು. ಈ ಮೂರೂ ಅಕ್ಷರಗಳು ಯುನಿಕ್ಸ್‌ನ ಎಡ್ ಎಂಬ ಎಡಿಟರಿನ ಆಜ್ಞೆಗಳು. ಮೊದಲ ಫೈಲನ್ನು ಎರಡನೆಯದಾಗಿ ಮಾರ್ಪಡಿಸಲು ಎಡ್‌ಗೆ ಏನು ಹೇಳಬೇಕೋ ಹೆಚ್ಚೂಕಡಿಮೆ ಅದನ್ನೇ ಡಿಫ್ ಬರೆಯುತ್ತಿತ್ತು. ಜೊತೆಗಿರುವ < ಮತ್ತು > ಗುರುತುಗಳು ಕ್ರಮವಾಗಿ ಮೊದಲ ಹಾಗೂ ಎರಡನೆಯ ಫೈಲಿನ ಸಾಲುಗಳನ್ನು ಸೂಚಿಸುತ್ತವೆ. ಫೈಲುಗಳನ್ನು ಅದಲುಬದಲಾಗಿ ಕೊಟ್ಟರೆ ಸೇರಿದ್ದು ಅಳಿದಂತೆ ಕಾಣುತ್ತದೆ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ.

ಸಾಲಿನ ಸಂಖ್ಯೆಯನ್ನೇ ನಂಬಿದ ಆಜ್ಞೆಗಳಿಗೆ ಒಂದು ದೊಡ್ಡ ದೌರ್ಬಲ್ಯವಿತ್ತು. ಮೂಲ ಫೈಲಿಗೆ ಯಾರಾದರೂ ಮೇಲೆ ಎರಡು ಸಾಲು ಸೇರಿಸಿದರೆ ಲೆಕ್ಕವೆಲ್ಲ ತಪ್ಪುತ್ತದೆ. 1981ರ ಬರ್ಕ್ಲಿ ಯುನಿಕ್ಸ್‌ನ ಡಿಫ್, ಬದಲಾವಣೆಯ ಹಿಂದುಮುಂದಿನ ಸಾಲುಗಳನ್ನೂ ತೋರಿಸತೊಡಗಿತು. ಅದರ ಪೂರ್ತಿ ಲಾಭ ಪಡೆದವರು ಲ್ಯಾರಿ ವಾಲ್. ಪರ್ಲ್ ಭಾಷೆಯನ್ನು ಕಟ್ಟುವ ಮೊದಲು, 1985ರಲ್ಲಿ, ಅವರು ಬರೆದ ಪ್ಯಾಚ್ ಎಂಬ ಪ್ರೋಗ್ರಾಂ ಈ ನೆರೆಸಾಲುಗಳನ್ನು ಗುರುತು ಹಿಡಿದು, ಜಾಗ ಕೊಂಚ ಸರಿದಿದ್ದರೂ ತಿದ್ದುಪಡಿಯನ್ನು ಸರಿಯಾದ ಕಡೆ ಕೂರಿಸುತ್ತಿತ್ತು. ದೂರದೂರದಲ್ಲಿದ್ದ ಅಪರಿಚಿತರು ಒಂದೇ ಪ್ರೋಗ್ರಾಮನ್ನು ಕೂಡಿ ತಿದ್ದುವುದು ಇದರಿಂದ ಸಲೀಸಾಯಿತು. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ತಿರುವು ಇದೇ.

ಬರ್ಕ್ಲಿಯ ಆ ರೂಪದಲ್ಲಿ ನೆರೆಸಾಲುಗಳು ಹಳೆಯದಕ್ಕೊಮ್ಮೆ, ಹೊಸದಕ್ಕೊಮ್ಮೆ ಎರಡೆರಡು ಸಲ ಬರುತ್ತಿದ್ದವು. 1990ರಲ್ಲಿ ವೇಯ್ನ್ ಡೇವಿಸನ್ ಎರಡನ್ನೂ ಒಂದಾಗಿಸಿದರು. ಮುಕ್ತ ತಂತ್ರಾಂಶದ ಗ್ನೂ ಯೋಜನೆಯ ಡಿಫ್ ಅದನ್ನು ಬೇಗನೆ ಒಪ್ಪಿಕೊಂಡಿತು. ಇವತ್ತು ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ತೋರಿಸುವುದೂ ಅದೇ ರೂಪ. '@@ -10,6 +10,7 @@' ಎಂದರೆ ಹಳೆಯ ಫೈಲಿನಲ್ಲಿ 10ನೇ ಸಾಲಿನಿಂದ 6 ಸಾಲು, ಹೊಸದರಲ್ಲಿ 10ನೇ ಸಾಲಿನಿಂದ 7 ಸಾಲು. ಮೇಲೆ ಮೂರು, ಕೆಳಗೆ ಮೂರು ಬದಲಾಗದವು, ನಡುವೆ ಒಂದು ಹೊಸದು. ನೋಡಿದರೆ ಇದು ಹಿಂದಿನ '12ಎ13' ಹೇಳಿದ ಬದಲಾವಣೆಯೇ. ಈ ಎಣಿಕೆ ಅಲಂಕಾರಕ್ಕಲ್ಲ. ಡೇಟಾಬೇಸ್ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಟಿಪ್ಪಣಿಯ ಸಾಲು '--' ಎಂದು ಶುರುವಾಗುತ್ತದೆ. ಅದನ್ನು ಅಳಿಸಿದರೆ, ಅಳಿದ ಸಾಲಿನ '-' ಗುರುತೂ ಸೇರಿ ಡಿಫ್‌ನಲ್ಲಿ '---' ಎಂದು ಕಾಣುತ್ತದೆ, ಥೇಟ್ ಫೈಲಿನ ತಲೆಬರಹದಂತೆ. ಪ್ಯಾಚ್ ಗೊಂದಲಕ್ಕೆ ಬೀಳದಿರುವುದು ಎಣಿಕೆಯ ಬಲದಿಂದ.

ಹೊರರೂಪ ಅಲ್ಲಿಗೆ ನಿಂತರೂ ಒಳಗಿನ ಲೆಕ್ಕಾಚಾರ ಅದಕ್ಕೂ ಮೊದಲಿನಿಂದ ಬದಲಾಗುತ್ತಲೇ ಬಂತು. ಯೂಜೀನ್ ಮೈಯರ್ಸ್ 1986ರಲ್ಲಿ ಪ್ರಕಟಿಸಿದ ವಿಧಾನ ಅತಿ ಕಡಿಮೆ ತಿದ್ದುಪಡಿಗಳ ಪಟ್ಟಿಯನ್ನು ಹುಡುಕುತ್ತದೆ; ಫೈಲುಗಳಲ್ಲಿ ವ್ಯತ್ಯಾಸ ಕಡಿಮೆಯಿದ್ದಷ್ಟೂ ಚುರುಕು. ಬೇರೇನೂ ಹೇಳದಿದ್ದರೆ ಗಿಟ್ ಈಗಲೂ ಬಳಸುವುದು ಅದನ್ನೇ. (ಇದೇ ಮೈಯರ್ಸ್ ಮುಂದೆ ಮಾನವ ಜೀನೋಮ್ ಜೋಡಣೆಯಲ್ಲಿ ಹೆಸರಾದರು. ಡಿಎನ್‌ಎ ಅಕ್ಷರಮಾಲೆಗಳ ಹೋಲಿಕೆಯೂ ಇದರ ದಾಯಾದಿಯೇ.) ಆದರೆ ಅತಿ ಚಿಕ್ಕ ಪಟ್ಟಿ ಓದಲು ಹಿತವಾಗಿಯೇ ಇರಬೇಕೆಂದಿಲ್ಲ. ಹೊಸ ಫಂಕ್ಷನ್ ಸೇರಿಸಿದಾಗ, ಹಿಂದಿನ ಫಂಕ್ಷನ್ನಿನ ಮುಚ್ಚುವ ಆವರಣವನ್ನೇ ಹೊಸದು ಎಂದು ತೋರಿಸಿ ಕಣ್ಣು ತಪ್ಪಿಸುತ್ತದೆ. ಬಿಟ್‌ಟೊರೆಂಟ್‌ನ ಬ್ರಾಮ್ ಕೋಹೆನ್ ತಂದ 'ಪೇಷನ್ಸ್' ವಿಧಾನ, ಎರಡೂ ಕಡೆ ಒಂದೊಂದೇ ಸಲ ಬರುವ ಸಾಲುಗಳನ್ನು ಮೊದಲು ಜೋಡಿಸಿ ಈ ಕಾಟವನ್ನು ತಗ್ಗಿಸುತ್ತದೆ. ಸಾಲು ಬಿಟ್ಟು ಕೋಡಿನ ರಚನೆಯನ್ನೇ ಹೋಲಿಸುವ ಡಿಫ್ಟಾಸ್ಟಿಕ್‌ನಂಥವೂ ಈಗ ಇವೆ.

ಇಷ್ಟಾದರೂ ಡಿಫ್ ಹೇಳುವುದು ಬರೆದವರು ಏನು ಮಾಡಿದರು ಎಂಬ ಕತೆಯನ್ನಲ್ಲ. ಒಂದು ಫೈಲಿನಿಂದ ಇನ್ನೊಂದಕ್ಕೆ ಹೋಗಲು ಇರುವ ಹಲವು ದಾರಿಗಳಲ್ಲಿ ಒಂದನ್ನು ಅದು ತೋರಿಸುತ್ತದೆ. ಒಂದು ಪ್ಯಾರಾ ಎತ್ತಿ ಬೇರೆಡೆ ಇಟ್ಟರೆ ಅದರ ಲೆಕ್ಕದಲ್ಲಿ ಇಲ್ಲಿ ಅಳಿದಿದೆ, ಅಲ್ಲಿ ಹುಟ್ಟಿದೆ. ವಿಂಡೋಸ್ ಮತ್ತು ಯುನಿಕ್ಸ್‌ನ ಸಾಲು ಮುಗಿಸುವ ಗುರುತುಗಳು ಬೇರೆಯಾದ್ದರಿಂದ, ಒಂದಕ್ಷರ ಮುಟ್ಟದಿದ್ದರೂ ಇಡೀ ಫೈಲು ಬದಲಾದಂತೆ ಕಾಣಬಹುದು.

ಕನ್ನಡಕ್ಕೆ ಇನ್ನೊಂದು ತೊಡಕಿದೆ. 'ಕೋ'ದಲ್ಲಿರುವ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಮೂರು ತುಂಡುಗಳನ್ನು ಕೂಡಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ, ಡಿಫ್‌ಗೆ ಬೇರೆಬೇರೆ. ಕಣ್ಣಿಗೆ ಬೀಳದ ಜೋಡಕ ಸಂಕೇತಗಳೂ ಹೀಗೇ ಕಾಡುತ್ತವೆ. ಸ್ವರಚಿಹ್ನೆಯ ತೊಡಕನ್ನಾದರೂ ತಪ್ಪಿಸಲು, ಕನ್ನಡ ಪಠ್ಯ ಹೋಲಿಸುವವರು ಎರಡೂ ಫೈಲುಗಳನ್ನು ಮೊದಲು ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದುಕೊಳ್ಳಿ, ಡಿಫ್ ಓಡಿಸುವುದು ಆಮೇಲಿರಲಿ.